ಗೋಡೆ ನೋಡಬೇಡ, ಹುಡುಗಿ ನೋಡು

ಕೆಲವರಿಗೆ ಧೂಳು ಕಂಡರೆ ಸೀನು ಬರುತ್ತದೆ, ಕೆಲವರಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ನನಗೆ ಓರೆ ಕಂಡರೆ ಆಗುವುದಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ಓರೆಯಾಗಿದ್ದರೆ ಎದುರಿಗೆ ಕೂತವರ ಮಾತು ಕಿವಿಗೆ ಬೀಳುವುದಿಲ್ಲ. ಬಚ್ಚಲಿನ ಟೈಲ್ಸ್‌ನಲ್ಲಿ ಅರ್ಧ ಹೂವು ಒಂದು ಕಡೆ, ಇನ್ನರ್ಧ ಮತ್ತೆಲ್ಲೋ ಬಿದ್ದಿದ್ದರೆ ಸ್ನಾನ ಮಾಡಿದ ಸುಖವಿರುವುದಿಲ್ಲ. ಚೌಕಳಿ ಅಂಗಿಯ ಜೇಬಿನ ಗೆರೆ ಅಂಗಿಯ ಗೆರೆಗೆ ಕೂಡಿಕೊಳ್ಳದಿದ್ದರೆ ಆ ಅಂಗಿ ತೊಟ್ಟವರು ಎಷ್ಟು ಸಂಭಾವಿತರಾದರೂ ನನಗೆ ಅವರ ಮೇಲೆ ಒಂದು ಸಣ್ಣ ಅನುಮಾನ. ಇದು ಕಾಯಿಲೆಯೋ ಕಲೆಯೋ ನನಗಿನ್ನೂ ತಿಳಿದಿಲ್ಲ. ನಮ್ಮವ್ವ ಮಾತ್ರ ಇದಕ್ಕೆ "ಹೊಟ್ಟೆ ತುಂಬಿದೋರ ಸಂಕಟ" ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು.

ಇಂಥ ಕಣ್ಣಿಟ್ಟುಕೊಂಡು ನಾನು ಹಿಡಿದ ಕಸುಬಾದರೂ ಯಾವುದು? ಚಳ್ಳಕೆರೆಯಲ್ಲಿ ಫ್ಲೆಕ್ಸ್ ಮತ್ತು ಲಗ್ನಪತ್ರಿಕೆಯ ಅಂಗಡಿ. ಅಂದರೆ ಮೀನು ಮುಟ್ಟದವನು ಮೀನಿನ ಮಾರ್ಕೆಟ್ಟಿನಲ್ಲಿ ಗಲ್ಲಾಪೆಟ್ಟಿಗೆ ಮೇಲೆ ಕೂತಂತೆ. ಒಮ್ಮೆ ಪಕ್ಕದ ನನ್ನಿವಾಳ ಹಳ್ಳಿಯ ಹಿರಿಯರೊಬ್ಬರು ಮೊಮ್ಮಗನ ಹುಟ್ಟುಹಬ್ಬಕ್ಕೆ ಬ್ಯಾನರ್ ಮಾಡಿಸಲು ಬಂದರು. ನಾನು ಮಗುವಿನ ಮುಖವನ್ನು ನಡುವೆ ಇಟ್ಟು, ಸುತ್ತ ತಿಳಿನೀಲಿ ಬಿಟ್ಟು, ಕೆಳಗೆ ಸಣ್ಣದಾಗಿ ಹೆಸರು ಹಾಕಿ ತೋರಿಸಿದೆ. ನನಗೇ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿತ್ತು. ಅವರು ಬಹಳ ಹೊತ್ತು ನೋಡಿ, "ಇಲ್ಲೆಲ್ಲ ಖಾಲಿ ಬಿಟ್ಟೀಯಲ್ಲಪ್ಪ, ನಮ್ಮತ್ರ ಪೂರಾ ದುಡ್ಡು ಇಸ್ಕಂತೀಯ ತಾನೆ?" ಎಂದರು. ಆ ಖಾಲಿ ಜಾಗದಲ್ಲಿ ಸಂಜೆಯೊಳಗೆ ಅವರ ಅಣ್ಣತಮ್ಮಂದಿರು, ಭಾವಮೈದುನರು, ಎರಡು ಗುಲಾಬಿ, ಒಂದು ಹುಲಿ ಬಂದು ಕೂತರು. ಅಂಥ ದಿನ ನಾನು ಅಂಗಡಿ ಮುಚ್ಚಿ ಬೈಕ್ ಹತ್ತಿ ವರವು ಕಾವಲಿನ ಹುಲ್ಲುಗಾವಲ ಕಡೆ ಹೋಗಿ ನಿಲ್ಲುತ್ತೇನೆ. ಅಲ್ಲಿ ಹುಲ್ಲೂ ಆಕಾಶವೂ ಸೇರುವ ಗೆರೆ ಒಂದಿದೆ. ನಮ್ಮ ತಾಲ್ಲೂಕಿನಲ್ಲಿ ಯಾವ ಮೇಸ್ತ್ರಿಯೂ ಕೈ ಹಾಕದೆ ನೆಟ್ಟಗೆ ಉಳಿದಿರುವುದು ಅದೊಂದೇ.

ಈ ಕಣ್ಣಿನಿಂದಾಗಿ ನನ್ನ ಮದುವೆಯೇ ನಿಂತುಹೋಗುವ ಹಾಗಿತ್ತು. ನಾಯಕನಹಟ್ಟಿಯಲ್ಲಿ ಒಂದು ಹೆಣ್ಣು ನೋಡಲು ಹೋದಾಗ ಅವರ ಹೊಸ ಮನೆಯ ಮುಂದೆ ಕಲ್ಲಿನಲ್ಲಿ ಯಜಮಾನರ ಹೆಸರು ಕೆತ್ತಿಸಿದ್ದರು. ಕೆತ್ತುವವನು ಮೊದಲು ಧಾರಾಳವಾಗಿ ಹೊರಟು, ಕೊನೆಗೆ ಜಾಗ ಸಾಲದೆ ಕಡೆಯ ಅಕ್ಷರಗಳನ್ನು ಬಸ್ಸಿನ ಹಿಂದಿನ ಸೀಟಿನವರಂತೆ ಒತ್ತರಿಸಿ ಕೂರಿಸಿದ್ದ. ನಾನು ಸುಮ್ಮನಿರಬಹುದಿತ್ತು. "ಈ ಕಲ್ಲು ತೆಗೆಸಿಬಿಡಿ, ನಾನೇ ಬರೆದುಕೊಡ್ತೀನಿ" ಎಂದೆ. ಅವರು ಕಲ್ಲು ತೆಗೆಸಲಿಲ್ಲ, ನಮ್ಮನ್ನು ಕಳಿಸಿಬಿಟ್ಟರು. ಆದ್ದರಿಂದ ಮುಂದಿನ ಸಲ ಮೊಳಕಾಲ್ಮುರಿಗೆ ಹೊರಟಾಗ ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದು, "ಇದು ತಪ್ಪಿದ್ರೆ ಮುಂದೆ ನಾನು ಯಾರ ಮನೆ ಬಾಗಿಲಿಗೂ ಬರಲ್ಲ ಕಣಪ್ಪ. ಗೋಡೆ ನೋಡಬ್ಯಾಡ, ಹುಡುಗಿ ನೋಡು" ಎಂದು ಆಣೆ ಹಾಕಿಸಿಕೊಂಡಳು. ನಾನೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಹುಡುಗಿಯ ತಂದೆಯದು ಸಣ್ಣ ಸೀರೆ ಅಂಗಡಿ, ಮನೆ ಹಳೆಯದು, ಹೆಂಚಿನದು. ನಮ್ಮನ್ನು ಕೂರಿಸಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ತಲೆ ತಗ್ಗಿಸಿ ಮಂಡಕ್ಕಿಯನ್ನೇ ನೋಡುತ್ತ ಕೂತೆ. ಆದರೆ ತಿನ್ನಲು ತಲೆ ಎತ್ತಲೇಬೇಕಲ್ಲ, ಎತ್ತಿದೆ. ಎದುರು ಗೋಡೆಯಲ್ಲಿ ಗಂಧದ ಹಾರ ಹಾಕಿದ ಹುಡುಗಿಯ ಅಜ್ಜನ ಫೋಟೋ. ಸ್ವಲ್ಪ ಗಿಲ್ಪ ಓರೆಯಲ್ಲ, ಅಜ್ಜ ಪಕ್ಕದ ಮನೆಯ ಜಗಳ ಕೇಳಲು ಬಾಗಿದ ಹಾಗಿತ್ತು. ಅವ್ವ ನನ್ನ ಕಣ್ಣು ಹೋದ ಕಡೆ ನೋಡಿ ಮೊಣಕೈಯಲ್ಲಿ ತಿವಿದಳು. ತಂದೆ ಏನೋ ಕೇಳಿದರು, ನಾನು ಏನೋ ಹೇಳಿದೆ. ಅಷ್ಟರಲ್ಲಿ ಅವರು ಅವ್ವನಿಗೆ ಹಿತ್ತಲು ತೋರಿಸಲು ಎದ್ದುಹೋದರು. ಕೋಣೆಯಲ್ಲಿ ನಾನು, ಗೋಡೆಯ ಮೇಲೆ ಅಜ್ಜ, ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತ ಹುಡುಗಿಯ ಅಜ್ಜಿ. ಇನ್ನು ನನ್ನ ಕೈಲಿ ಆಗಲಿಲ್ಲ. ಮಂಡಕ್ಕಿಯ ತಟ್ಟೆಯನ್ನು ಗೋಡೆಯ ಬುಡದಲ್ಲಿಟ್ಟು, ಕುರ್ಚಿ ಎಳೆದು ಹತ್ತಿ ಅಜ್ಜನನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮಾಡಿದೆ.

ಪುರ್ರನೆ ಏನೋ ನನ್ನ ಮುಖಕ್ಕೆ ಹಾರಿತು. ಹಿಂದಿನಿಂದ ಹುಲ್ಲು, ನೂಲು, ಜರಿಯ ಎಳೆ ಒಂದಿಷ್ಟು ಜಾರಿ ನೇರ ನನ್ನ ಮಂಡಕ್ಕಿಯ ತಟ್ಟೆಗೆ ಬಿತ್ತು. ಫೋಟೋದ ಹಿಂದೆ ಚಿಲಿಪಿಲಿ ಎದ್ದಿತು. "ಅಯ್ಯೋ, ಪಿಚ್ಚುಕ, ಪಿಚ್ಚುಕ!" ಎಂದು ಅಜ್ಜಿ ಆ ಸೀಮೆಯ ತೆಲುಗಿನಲ್ಲಿ ಗುಬ್ಬಿಯ ಹೆಸರು ಹಿಡಿದು ಕೂಗಿಕೊಂಡರು. ಅಜ್ಜನನ್ನು ಓರೆ ಮಾಡಿಟ್ಟಿದ್ದೇ ಹಿಂದೆ ಗುಬ್ಬಿ ಸಂಸಾರಕ್ಕೆ ಜಾಗವಾಗಲೆಂದು. ಈಗ ನಾನು ಕೈ ಬಿಟ್ಟರೆ ಗೂಡು ಕೆಳಗೆ, ಬಿಡದಿದ್ದರೆ ಕುರ್ಚಿಯ ಮೇಲೆ ನಾನು. ಅದೇ ಹೊತ್ತಿಗೆ ಕಾಫಿ ಲೋಟಗಳ ತಟ್ಟೆ ಹಿಡಿದು ಹುಡುಗಿ, ಶಿವಲೀಲಾ, ಬಂದಳು. ಜಗತ್ತಿನಲ್ಲಿ ಯಾವ ಗಂಡೂ ಹೆಣ್ಣಿಗೆ ಮೊದಲ ಸಲ ಆ ಭಂಗಿಯಲ್ಲಿ ಕಂಡಿರಲಾರ.

ಅವಳು ಗಾಬರಿಯಾಗಲಿಲ್ಲ. ತಟ್ಟೆ ಕೆಳಗಿಟ್ಟು, "ಹಂಗೇ ಹಿಡ್ಕಂಡಿರ್ರಿ, ಬಿಡಬ್ಯಾಡ್ರಿ" ಎಂದು ಸ್ಟೂಲ್ ಎಳೆದು ಆಚೆ ಬದಿಯಿಂದ ಹತ್ತಿದಳು. ಅಜ್ಜನ ಎಡಕ್ಕೆ ಅವಳು, ಬಲಕ್ಕೆ ನಾನು. ನನ್ನ ತೋಳುಗಳು ನಡುಗುತ್ತಿದ್ದವು. ಅವಳು ಜಾರಿದ ಗೂಡನ್ನು ಮೆಲ್ಲಗೆ ಮೇಲೆ ಒತ್ತುತ್ತ, "ಯಾಕ್ರೀ ಮುಟ್ಟಿದ್ರಿ?" ಎಂದಳು.

"ಓರೆ ಇತ್ತು" ಎಂದೆ.

"ಇದ್ರೆ ನಿಮಗೇನ್ರೀ ಕಷ್ಟ?"

"ನಿದ್ದೆ ಬರಲ್ಲ."

"ಇವತ್ತು ಇಲ್ಲೇ ಮಲಗ್ತೀರೇನು?" ಎಂದು ಕೇಳಿ ಅವಳು ಕೆಳತುಟಿ ಕಚ್ಚಿಕೊಂಡು ನಗು ತಡೆದಳು. ನನಗೆ ಅವಳು ಆ ಕ್ಷಣದಲ್ಲೇ ಬಹಳ ಇಷ್ಟವಾಗಿಬಿಟ್ಟಳು. ಅವಳ ಬೈತಲೆ ಕೂಡ ಅಷ್ಟು ನೇರವಾಗಿರಲಿಲ್ಲ, ಅದನ್ನು ನಾನು ಗಮನಿಸಿದ್ದು ಊರಿಗೆ ಬಂದ ಮೇಲೆ ನೆನೆಸಿಕೊಂಡಾಗ.

ವಾಪಸ್ ಬರುವಾಗ ಅವ್ವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಚಳ್ಳಕೆರೆಯಲ್ಲಿ ಇಳಿದ ಮೇಲೆ "ಹೋಯ್ತು" ಎಂದಳು, ಅಷ್ಟೇ. ಆದರೆ ಮರುದಿನ ಹುಡುಗಿಯ ತಂದೆಯೇ ಫೋನ್ ಮಾಡಿದರು. ಅಜ್ಜಿ ತೀರ್ಪು ಕೊಟ್ಟಿದ್ದರಂತೆ: "ಕೈ ನಡುಗಿದ್ರೂ ನಮ್ಮನೆಯೋರನ್ನ ಕೆಳಗೆ ಬೀಳಿಸಲಿಲ್ಲ ನೋಡು. ಆ ಹುಡುಗನಿಗೇ ಕೊಡ್ರಿ." ಅವ್ವ ಫೋನಿಟ್ಟು ದೇವರ ಮುಂದೆ ದೀಪ ಹಚ್ಚಿ ಅತ್ತಳು. ದೇವರ ಪಟ ಒಂದಿಷ್ಟು ಎಡಕ್ಕೆ ವಾಲಿತ್ತು, ಅವತ್ತು ನಾನು ಮುಟ್ಟಲಿಲ್ಲ.

ಮದುವೆಯಾಯಿತು. ನಮ್ಮದು ತಾರಸಿ ಮನೆ, ನಾನೇ ನಿಂತು ಕಟ್ಟಿಸಿದ್ದು. ಸ್ವಿಚ್‌ಬೋರ್ಡುಗಳೆಲ್ಲ ಒಂದೇ ಎತ್ತರ, ಕಿಟಕಿಗೂ ಬಾಗಿಲಿಗೂ ಮೇಲಿನ ಗೆರೆ ಒಂದೇ. ಇಡೀ ಮನೆಗೆ ಇದ್ದ ಒಂದೇ ಕಳಂಕ ಪಡಸಾಲೆಯ ಮೀಟರ್ ಪೆಟ್ಟಿಗೆ. ಬಡಗಿ ರಸೂಲಣ್ಣ ಅದರ ಬಾಗಿಲನ್ನು ಎಷ್ಟು ಓರೆಯಾಗಿ ಕೂರಿಸಿದ್ದನೆಂದರೆ ಅದು ಸದಾ ನಾಲ್ಕು ಬೆರಳು ತೆರೆದೇ ಇರುತ್ತಿತ್ತು. ಸಿಕ್ಕಲ್ಲೆಲ್ಲ ಅವನನ್ನು ಕಾಡುತ್ತಿದ್ದೆ. ಅವನು ಸಿಕ್ಕಲ್ಲೆಲ್ಲ "ನಾಳೆ ಬರ್ತೀನಿ ಸಾರ್" ಎನ್ನುತ್ತಿದ್ದ. ಶಿವಲೀಲಾ ಮಾತ್ರ ಬಂದ ಮೇಲೆ ಮೌನವಾಗುತ್ತ ಹೋದಳು. ಕುರ್ಚಿ ಎಳೆದರೆ ಮತ್ತೆ ಇದ್ದಲ್ಲೇ ಇಡುತ್ತಿದ್ದಳು, ಕಪ್ಪುಗಳನ್ನೂ ಹಿಡಿ ಒಂದೇ ಕಡೆ ಬರುವಂತೆ ಜೋಡಿಸುತ್ತಿದ್ದಳು. ಮೊದಮೊದಲು ನನಗೆ ಖುಷಿಯಾಯಿತು, ಆಮೇಲೆ ಹೆದರಿಕೆಯಾಯಿತು. ಒಂದು ದಿನ ಯಾಕೆಂದು ಕೇಳಿದೆ. "ಮನೆ ಚೆನ್ನಾಗೈತ್ರಿ. ಆದ್ರೆ ಏನು ಮುಟ್ಟಿದ್ರೂ ತಪ್ಪಾಗ್ತೈತೇನೋ ಅನಿಸ್ತೈತೆ. ಒಂದು ಗುಬ್ಬಿ ಕೂಡ ಬರಲ್ಲ ನೋಡ್ರಿ ಇಲ್ಲಿಗೆ" ಎಂದಳು. ಅವಳು ದೂರಲಿಲ್ಲ, ಸುಮ್ಮನೆ ಹೇಳಿದಳು. ನನಗೆ ನನ್ನ ನೇರ ಗೆರೆಗಳ ಮೇಲೆಲ್ಲ ನಾಚಿಕೆಯಾಯಿತು. ಇಷ್ಟು ಚಂದದ ಮನೆ ಕಟ್ಟಿ, ಇವಳು ಕಾಲು ಚಾಚಿ ಕೂರಲು ಒಂದು ಜಾಗ ಬಿಟ್ಟಿರಲಿಲ್ಲ.

ಆಗ ನಾನು ಮಾಡಿದ ಕೆಲಸ ನನ್ನಂಥವನು ಮಾತ್ರ ಮಾಡುವಂಥದ್ದು. ಮೊಳಕಾಲ್ಮುರಿಗೆ ಹೋಗಿ ಅಜ್ಜನ ಫೋಟೋಗೆ ಮೊಬೈಲಿನಲ್ಲಿರುವ ಮಟ್ಟಗೋಲು ಒಡ್ಡಿ, ಅದು ಎಷ್ಟು ವಾಲಿದೆಯೆಂದು ಅಳೆದೆ. "ಏನಪ್ಪಾ, ಮತ್ತೆ ಅವರ ಬೆನ್ನು ಬಿದ್ದೀಯ?" ಎಂದರು ಅಜ್ಜಿ. ಮನೆಗೆ ಬಂದು ನಮ್ಮ ಮದುವೆಯ ಫೋಟೋವನ್ನು ಅಷ್ಟೇ ಓರೆಗೆ, ಎಡಕ್ಕೆ ಅಷ್ಟೇ ಇಳಿಸಿ, ಹಿಂದೆ ಎರಡು ಹಿಡಿ ಹುಲ್ಲು ಸಿಕ್ಕಿಸಿ ತೂಗುಹಾಕಿದೆ. ಶಿವಲೀಲಾ ನೋಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವತ್ತು ಕುರ್ಚಿಯನ್ನು ಎಳೆದಲ್ಲೇ ಬಿಟ್ಟಳು.

ಗುಬ್ಬಿ ಬರಲಿಲ್ಲ. ಬಂತು, ಆದರೆ ನನ್ನ ಅಳತೆಯ ಓರೆಗೆ ಬರಲಿಲ್ಲ. ನಾನು ಸಿಕ್ಕಿಸಿದ್ದ ಹುಲ್ಲನ್ನೇ ಒಂದೊಂದಾಗಿ ಎಳೆದುಕೊಂಡು ಹೋಗಿ ರಸೂಲಣ್ಣನ ಮೀಟರ್ ಪೆಟ್ಟಿಗೆಯಲ್ಲಿ, ಆ ನಾಲ್ಕು ಬೆರಳಿನ ಸಂದಿಯೊಳಗೆ, ಗೂಡು ಕಟ್ಟಿತು.

ಆಗಲೇ ಬರಬೇಕೆ ರಸೂಲಣ್ಣ? ಒಂದು ಬೆಳಗ್ಗೆ ಉಳಿ ಸುತ್ತಿಗೆಯ ಚೀಲ ಹೊತ್ತು ಬಂದೇ ಬಿಟ್ಟ. ನಾನು ಪೆಟ್ಟಿಗೆಗೆ ಅಡ್ಡ ನಿಂತೆ. "ಇವತ್ತು ಬ್ಯಾಡ ರಸೂಲಣ್ಣ."

"ಓರೆ ಐತೆ ಓರೆ ಐತೆ ಅಂತ ನನ್ನ ಜಾನ್ ತಿಂದೋರು ನೀವೇ ಅಲ್ವಾ ಸಾರ್?"

"ಹೌದು. ಹಂಗೇ ಇರ್ಲಿ."

ಒಳಗಿನ ಚಿಲಿಪಿಲಿ ಅವನಿಗೂ ಕೇಳಿಸಿತು. ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು ಕೂತು ಶಿವಲೀಲಾ ಕೊಟ್ಟ ಚಹಾ ಕುಡಿದ. ಕುಡಿಯುತ್ತ ಗೋಡೆ ನೋಡಿ, "ಬಂದಿದ್ದಕ್ಕೆ ಈ ಫೋಟೋನಾದ್ರೂ ನೆಟ್ಟಗೆ ಮಾಡಿ ಹೋಗ್ಲಾ?" ಎಂದ.

"ಬ್ಯಾಡಣ್ಣ, ಅದು ಅವರು ಅಳತೆ ತಗಂಡು ಓರೆ ಮಾಡಿರೋದು" ಎಂದಳು ಶಿವಲೀಲಾ.

ರಸೂಲಣ್ಣ ಲೋಟ ಇಟ್ಟು, ಒಂದು ಕಣ್ಣು ಮುಚ್ಚಿ ಫೋಟೋ ನೋಡಿ, "ಅಳತೆನಾ? ಎಡಗಡೆ ಒಂದು ಚೂರು ಜಾಸ್ತಿ ಇಳಿದೈತಲ್ಲ ಸಾರ್" ಎಂದು ಚೀಲ ಎತ್ತಿಕೊಂಡು ಹೋದ. ನಾನು ಅದನ್ನು ತಲೆಗೆ ಹಾಕಿಕೊಳ್ಳಬಾರದೆಂದು ಪೇಪರ್ ತೆರೆದೆ. ಒಂದು ಸಾಲೂ ಹತ್ತಲಿಲ್ಲ. ಸ್ಟೂಲ್ ಎಳೆದು ಹತ್ತಿ ಮೊಬೈಲ್ ಒಡ್ಡಿದರೆ, ಹಾಳಾದವನು ಹೇಳಿದ್ದು ನಿಜ. ನಾನು ಕರೆಯದೆಯೇ ಶಿವಲೀಲಾ ಬಂದು ಸ್ಟೂಲ್ ಹಿಡಿದು ನಿಂತಳು.