ಟಿಂಕುವಿನ ನಮಸ್ಕಾರ

ಭಾನುವಾರ ಬೆಳಿಗ್ಗೆ ಆಫೀಸಿನ ಮ್ಯಾನೇಜರು ತಮ್ಮ ಮನೆಯ ಪೀಡೆಯನ್ನು ನಿಂಗರಾಜನಿಗೆ ದಾಟಿಸಿದರು. ಪೀಡೆಯ ಹೆಸರು ಟಿಂಕು, ಜಾತಿ ಟೆರಿಯರ್. ಮೈ ಒಂದು ಮೊಳ, ಗಂಟಲು ಮಾತ್ರ ಕಾರ್ಖಾನೆಯ ಸೈರನ್ನು. "ಮುದ್ದಾದ ನಾಯಿ ಕಣ್ರೀ, ನೀವೇ ಸಾಕ್ಕೊಳ್ಳಿ" ಎಂದಾಗ ಬೇಡ ಎನ್ನಲು ನಾಲಿಗೆ ಬೇಕು. ನೌಕರಿ ಕಾಯಂ ಆಗದವನಿಗೆ ನಾಲಿಗೆ ಎಲ್ಲಿಂದ ಬರಬೇಕು?

ನಿಂಗರಾಜ ನಾಯಿಯನ್ನು ರೆಕ್ಸಿನ್ ಚೀಲದಲ್ಲಿ ತುರುಕಿಕೊಂಡು, ಕಳ್ಳನಂತೆ ಬಿಟಿಎಂ ಲೇಔಟಿನ ತನ್ನ ಮಹಡಿಯ ಕೋಣೆ ಸೇರಿದ. ಈ ಊರಿನಲ್ಲಿ ಮನೆ ಕೇಳುವ ಒಂಟಿ ಗಂಡಸನ್ನು ಯಾರೂ ಮನುಷ್ಯನೆಂದು ಲೆಕ್ಕಕ್ಕೆ ಇಡುವುದಿಲ್ಲ. ಹೊಸ ಹೆಂಡತಿ ಬರುತ್ತಾಳೆ ಎಂದು ಆಣೆ ಮಾಡಿದ ಮೇಲೆಯೇ ಓನರ್ ತಿಮ್ಮರಾಯಪ್ಪ ಬೀಗದ ಕೈ ಕೊಟ್ಟಿದ್ದ. ಜೊತೆಗೊಂದು ಮಾತು: "ನಾಯಿ ಕಂಡ ದಿನಾನೇ ನಿನ್ನ ಸಾಮಾನು ರೋಡಲ್ಲಿರ್ತದೆ." ಆ ಹೊಸ ಹೆಂಡತಿ ಶ್ವೇತಾ ಮರುದಿನ ಬೆಳಿಗ್ಗೆಯೇ ಬಾಗಲಕೋಟೆ ಬಸ್ಸಿನಲ್ಲಿ ಬಂದಿಳಿಯುವವಳಿದ್ದಳು.

ಚೀಲದಿಂದ ಹೊರಬಿದ್ದ ಟಿಂಕು ಫ್ಯಾನಿಗೆ ಬೊಗಳಿತು. ಬಕೆಟ್ಟಿಗೆ ಬೊಗಳಿತು. ಗೋಡೆಯ ಹಲ್ಲಿಗಂತೂ ತಾಯಾಣೆ ಹಾಕಿದಂತೆ ಬೊಗಳಿತು. ನಿಂಗರಾಜ ಓಡಿ ಕಿಟಕಿ ಮುಚ್ಚಿದ. ಪಕ್ಕದ ಕೋಣೆಯ ಗದುಗಿನ ದುಂಡಪ್ಪ ಓಡಿ ಬಂದ.

"ಹೆದರಬ್ಯಾಡೋ ನಿಂಗ್ಯಾ, ಇದು ಸಿಟ್ಟಿಲೇ ಒದರಾಕತ್ತಿಲ್ಲ. ಇಲಿ ಹಿಡಿಯೂ ಜಾತಿ. ಕೈಯಾಗ ಕೆಲಸ ಇರಲಿಲ್ಲಂದ್ರ ಹಿಂಗ ಒದರತೈತಿ. ಆಟ ಆಡ್ಸು, ಸುಮ್ನಾಕ್ಕೈತಿ."

"ಹೆಂಗ ಆಡ್ಸೂದೋ?"

"ನಿನ್ನ ಹರಕ ಬನೀನ್ ಕೊಡು. ಒಂದ್ ತುದಿ ನೀ ಜಗ್ಗು, ಒಂದ್ ತುದಿ ಅದು ಜಗ್ಗತೈತಿ."

ಬೊಗಳುವುದೇನೋ ನಿಂತಿತು. ಆದರೆ ಬನಿಯನ್ ಕಚ್ಚಿಕೊಂಡ ಟಿಂಕು ಕೆಟ್ಟ ಲಾರಿಯಂತೆ ಗುರ್ ಗುರ್ ಎನ್ನತೊಡಗಿತು.

"ಕಡೀತದೇನೋ?"

"ಖುಷಿಲೇ ಗುರುಗುಟ್ಟೂದೋ ಅದು!"

ಎದುರುಮನೆಯ ಕಮಲಾದೇವಿಗೆ ಎರಡು ಕಿವಿ ಸಾಲದು. ಬಾಲ್ಕನಿಯಿಂದಲೇ ಕೂಗಿದಳು. "ನಿಂಗರಾಜೂ, ಏನ್ರೀ ಅದು ಸೌಂಡು?"

"ಹಲ್ ತಿಕ್ಕಾಕತ್ತೀನ್ರೀ ಅಕ್ಕಾರ! ಗಂಟಲ ಕ್ಯಾಕರಸಾಕತ್ತೀನಿ!"

"ಅರ್ಧ ಗಂಟೆಯಿಂದಾನಾ?"

ಆಕೆ ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನೇರ ಕೆಳಗಿನ ಮನೆಗೆ ಹೋಗಿ, ಮಹಡಿಯ ಹುಡುಗನಿಗೆ ಎದೆ ಕಾಯಿಲೆ, ಉಸಿರೇ ನಿಲ್ಲುವಂತಿದೆ ಎಂದು ಊದಿದಳು. ತಿಮ್ಮರಾಯಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಕಷಾಯ ಕಾಯಿಸಿಕೊಂಡು ಹೊರಟಳು. ಹಿಂದೆಯೇ ಗಂಡ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದ್ದೇ ದುಂಡಪ್ಪ ಬಚ್ಚಲು ಸೇರಿದ. ನಿಂಗರಾಜ ನಾಯಿಯನ್ನು ಮಂಚದ ಕೆಳಗೆ ತಳ್ಳಿದ.

"ಕುಡೀಪ್ಪಾ, ಮೆಣಸು ಹಾಕಿದೀನಿ. ಮುಖ ನೋಡು, ಸುಣ್ಣ ಆಗೋಗಿದೆ" ಎಂದಳು ಮುನಿಲಕ್ಷ್ಮಮ್ಮ.

ತಿಮ್ಮರಾಯಪ್ಪನ ಪಂಚೆಯ ಅಂಚು ಮಂಚದ ಪಕ್ಕದಲ್ಲಿ ತೂಗಾಡುತ್ತಿತ್ತು. ಬನಿಯನ್ ಕಳೆದುಕೊಂಡ ಟಿಂಕುವಿಗೆ ಇನ್ನೇನು ಬೇಕು? ಕಚ್ಚಿ, ಗುರ್ ಎಂದು ಜಗ್ಗಿತು.

"ಅಯ್ಯಯ್ಯೋ! ನನ್ನ ಪಂಚೆ! ಯಾವನ್ಲಾ ಈ ನಾಯಿ ತಂದೋನು?"

ಟಿಂಕು ಪಂಚೆ ಬಿಟ್ಟು ಹಿಂದೆ ಜಿಗಿಯಿತು. ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ, ಇನ್ನೊಂದು ಸಲ ಆಡೋಣ ಬಾ ಎಂದು ಬಾಲ ಕುಣಿಸಿತು. ತಿಮ್ಮರಾಯಪ್ಪ ಮೂಲೆಯ ಪೊರಕೆ ಹಿಡಿದ. ಮನೆ ಹೋಯಿತು ಎಂದುಕೊಂಡ ನಿಂಗರಾಜನ ಕಣ್ಣಿಗೆ, ಓನರ್ ಬೆನ್ನ ಹಿಂದೆ, ಓನರೇ ತೂಗುಹಾಕಿದ್ದ ಕಾಲಭೈರವನ ಕ್ಯಾಲೆಂಡರ್ ಬಿತ್ತು. ದೇವರ ಪಕ್ಕದಲ್ಲೇ ಅವನ ವಾಹನ, ನಾಯಿ!

"ಬಡೀಬ್ಯಾಡ್ರೀ ಯಜಮಾನ್ರ! ಹಿಂದ ನೋಡ್ರೀ! ಭೈರಪ್ಪಗ ನಮಸ್ಕಾರ ಮಾಡಾಕತ್ತೈತಿ. ನೀವು ಅಡ್ಡ ನಿಂತೀರಂತ ಪಂಚೆ ಜಗ್ಗಿದ್ದು!"

ತಿಮ್ಮರಾಯಪ್ಪ ತಿರುಗಿ ನೋಡಿದ. ಪೊರಕೆ ಕೈಜಾರಿತು. ಸರಕ್ಕನೆ ಪಕ್ಕಕ್ಕೆ ಸರಿದ. ನಾಯಿ ಬಗ್ಗಿದಂತೆಯೇ ಇದ್ದು ಒಂದು ಸಲ ಬೊಗಳಿತು.

"ನಮ್ಮನೆ ದೇವ್ರು ಕಣೇ" ಎಂದ, ಕೆನ್ನೆ ಬಡಿದುಕೊಂಡು.

ಮುನಿಲಕ್ಷ್ಮಮ್ಮ ಕಷಾಯ ಬಿಟ್ಟು ಕುಂಕುಮಕ್ಕೆ ಓಡಿದಳು. ಮಧ್ಯಾಹ್ನದ ಹೊತ್ತಿಗೆ ಟಿಂಕುವಿನ ಕೊರಳಲ್ಲಿ ಚೆಂಡು ಹೂವಿನ ಹಾರ, ಮುಂದೆ ಹಾಲು, ಮೆಟ್ಟಿಲ ತುಂಬ ಬೀದಿಯವರ ಚಪ್ಪಲಿ. ಅದು ಯಾರನ್ನು ಆಟಕ್ಕೆ ಕರೆದರೂ ಅವರು ತಿರುಗಿ ಅಡ್ಡಬೀಳುತ್ತಿದ್ದರು.

"ನಿಂಗ್ಯಾ, ಗೆದ್ದಿ ಬಿಡು ಮಗನ" ಎಂದು ದುಂಡಪ್ಪ ಕಿವಿಯಲ್ಲಿ ಉಸುರಿದ. ನಿಂಗರಾಜನಿಗೆ ಬೆಳಿಗ್ಗೆಯಿಂದ ಮೊದಲ ಬಾರಿ ಹಸಿವಾಯಿತು.

ಸಂಜೆ ತಿಮ್ಮರಾಯಪ್ಪ ನೆರೆದ ಜನರ ಮುಂದೆಯೇ ನಿಂಗರಾಜನನ್ನು ಕರೆದ.

"ಹಂಗಾರ ನಾಯಿ ಇರ್ಲೇನ್ರೀ ಯಜಮಾನ್ರ?"

"ಇರ್ಲೇನ್ರೀ ಅಂದ್ರೆ? ಅದು ಎಲ್ಲೂ ಹೋಗಂಗಿಲ್ಲ. ಕತ್ತಲಾಗೋದ್ರೊಳಗೆ ನೀನು ಖಾಲಿ ಮಾಡಯ್ಯಾ."

"ನಾನ್ರೀ?"

"ಸ್ವಾಮಿ ತಲೆ ಬಗ್ಸಿ ತೋರ್ಸಿರೋ ಜಾಗ. ಅಲ್ಲಿ ಗುಡಿ ಆಗ್ಬೇಕು. ಗಂಡ ಹೆಂಡ್ತಿ ಮಲಗೋ ಕಡೆ ಗುಡಿ ಇಡೋಕಾಗ್ತದಾ?"

ನಿಂಗರಾಜ ಬಡಬಡಿಸಿದ. "ಅದು ನಮಸ್ಕಾರ ಅಲ್ರೀ! ಆಟಕ್ಕ ಕರಿಯಾಕತ್ತಿತ್ತು! ಬೇಕಾದ್ರ ದುಂಡಪ್ಪನ್ನ ಕೇಳ್ರೀ!"

ದುಂಡಪ್ಪ ಜನರ ಮುಖ ನೋಡಿದ. ಕೈಮುಗಿದು, "ಭೈರಪ್ಪಾ" ಎಂದು ಕಣ್ಣು ಮುಚ್ಚಿದ.

"ಸ್ವಾಮಿನ ಆಟ ಅಂತೀಯೇನಲಾ?" ತಿಮ್ಮರಾಯಪ್ಪ ಗುಡುಗಿದ. ನಾಲ್ಕು ಜನ ಸೇರಿ ಟ್ರಂಕು, ಸ್ಟೌ, ಮಂಚ ಎಲ್ಲವನ್ನೂ ಭಕ್ತಿಯಿಂದಲೇ ಬೀದಿಗೆ ಇಳಿಸಿದರು.

ನಿಂಗರಾಜ ಬೀದಿಯಲ್ಲಿ ಟ್ರಂಕಿನ ಮೇಲೆ ಕುಳಿತಿದ್ದಾಗ ಮುನಿಲಕ್ಷ್ಮಮ್ಮನ ಕರುಳು ಚುರುಕ್ ಎಂದಿತು. ಕೆಳಗಿಳಿದು ಬಂದು ಬಾಳೆಹಣ್ಣು ಕೈಗಿತ್ತಳು.

"ಬೇಜಾರು ಮಾಡ್ಕೋಬೇಡಪ್ಪಾ. ಬೆಳಿಗ್ಗೆ ಹೆಂಡ್ತಿ ಬರ್ತಾಳಲ್ಲಾ, ಬಸ್ಸಿಂದ ಇಳಿಸ್ಕೊಂಡು ಸೀದಾ ಇಲ್ಲಿಗೇ ಕರ್ಕೊಂಡು ಬಾ. ಹೊಸ ಮದುವೆ ಹೆಣ್ಣು, ಮೊದಲ್ನೇ ಮಂಗಳಾರತಿ ಅವಳಿಗೇ ಕೊಡಿಸ್ತೀನಿ."