ನಾಲ್ಕು ಕಾರು, ಒಂದೇ ರೋಗ

“ಈ ಭಾನುವಾರ ಮಧ್ಯಾಹ್ನದ ಊಟದೊಳಗ ನೀಲಿ ಗಾಡಿ ಈ ಅಂಗಳದಾಗ ಇರಬಾರ್ದು! ಮಾರೇ ಮಾರ್ತೀನಿ. ಮಾರಿ ಐದನೇ ಗಾಡಿ ತರ್ತೀನಿ. ರೋಗ ಇಲ್ಲದ ಗಾಡಿ ತರ್ತೀನಿ. ಬೇಕಾದ್ರ ಬರ್ಕೊಳ್ರಿ!”

ಕೂಡ್ಲಿಗಿಯ ಸರ್ವೇಯರ್ ಓಬಳೇಶ ಹೀಗೆ ಘೋಷಣೆ ಹೊರಡಿಸಿದಾಗ ಎದುರಿಗಿದ್ದ ಸಭಿಕರು ಇಬ್ಬರೇ. ಒಬ್ಬರು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಹೆಂಡತಿ ರೇಖಾ. ಇನ್ನೊಬ್ಬರು ಎಲೆ ಅಡಿಕೆ ಕುಟ್ಟುತ್ತಿದ್ದ ತಾಯಿ ಪಕ್ಕೀರಮ್ಮ. ಯಾರೂ ಬರೆದುಕೊಳ್ಳಲಿಲ್ಲ. ರೇಖಾಳ ಕೈ ಮಾತ್ರ ಮೆಣಸಿನಕಾಯಿಯ ಮೇಲೆ ನಿಂತುಬಿಟ್ಟಿತು.

“ಆ ಗಾಡಿ ಚಲೋ ಐತ್ರಿ. ಮಾರಬ್ಯಾಡ್ರಿ. ನಂಗದು ಮನಸಿಗೆ ಹಿಡಿಸೈತಿ.”

“ನಿಂಗೇನು ಹಿಡಿಸೋದು? ನೀನು ಎಡಗಡಿ ಸೀಟಿನ್ಯಾಗ ಕುಂತು ಶೇಂಗಾ ತಿಂತಿ. ಓಡ್ಸೋನು ನಾನು. ನೋವು ನನ್ನ ಮೊಣಕಾಲಿಗೆ!”

ಓಬಳೇಶನ ಮೊಣಕಾಲಿನ ಬಗ್ಗೆ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಆಸಾಮಿ ಆರಡಿ ಎರಡಿಂಚು. ರಾತ್ರಿ ಕಾರು ನಿಲ್ಲಿಸಿ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಬೀಗ ಹಾಕಿ ಮನೆಯೊಳಗೆ ಹೋಗಿ ಮಲಗುತ್ತಾನೆ. ಬೆಳಿಗ್ಗೆ ಏಳಕ್ಕೆ ಎದ್ದು, ತಿಂಡಿ ತಿಂದು, ಠೀವಿಯಿಂದ ಕಾರಿನೊಳಗೆ ಕೂರಲು ಹೋದರೆ ಠಪ್! ಮೊಣಕಾಲು ಸ್ಟೇರಿಂಗಿಗೆ ಬಡಿಯುತ್ತದೆ. ಸೀಟು ತಾನಾಗಿಯೇ ಮುಂದಕ್ಕೆ ಸರಿದು ಕೂತಿರುತ್ತದೆ! ಒಂದು ದಿನವಲ್ಲ, ಎರಡು ದಿನವಲ್ಲ, ಇಪ್ಪತ್ತು ವರ್ಷ. ಒಂದು ಕಾರಲ್ಲ, ನಾಲ್ಕು ಕಾರು. ಬಲ ಮೊಣಕಾಲಿನ ಚಿಪ್ಪಿನ ಮೇಲೆ ನಿಂಬೆಗಾತ್ರದ ಗಂಟು ಕಾಯಂ ಆಗಿ ಮನೆ ಮಾಡಿತ್ತು.

ಇದು ಆಗಿದ್ದು ಎಂಥವನಿಗೆ ನೋಡಿ! ಸುತ್ತಲಿನ ಐದು ತಾಲೂಕಿನಲ್ಲಿ ಓಬಳೇಶನ ಟೇಪಿಗೆ ಹೆದರದ ರೈತನಿಲ್ಲ. ಅಣ್ಣ ತಮ್ಮನ ಹೊಲದ ಬದುವನ್ನು ನಾಲ್ಕು ಬೆರಳು ಸರಿಸಿದ್ದರೂ ಈತ ದೂರದಲ್ಲೇ ನಿಂತು ಕಣ್ಣು ಕಿರಿದು ಮಾಡಿ ‘ಒತ್ತುವರಿ ಆಗೈತಿ’ ಎಂದು ಹೇಳಿಬಿಡುತ್ತಿದ್ದ. ಯಾರು ಸರಿಸಿದ್ದು, ಯಾವ ವರ್ಷ ಸರಿಸಿದ್ದು ಎಂಬುದನ್ನೂ ಚಹಾ ಆರುವುದರೊಳಗೆ ಪತ್ತೆ ಮಾಡುತ್ತಿದ್ದ. ಇಂಥ ಮಹಾನುಭಾವನ ಸ್ವಂತ ಸೀಟೇ ದಿನಾ ರಾತ್ರಿ ಒತ್ತುವರಿ ಆಗುತ್ತಿತ್ತು. ಅಳೆದೂ ಇಟ್ಟಿದ್ದ: ಸರಿಯಾಗಿ ಆರೂವರೆ ಇಂಚು!

ಮೊದಲನೆಯದು ಬಿಳಿ ಕಾರು. ಎರಡು ಸಾವಿರದ ಐದರಲ್ಲಿ ಹಡಗಲಿಯಲ್ಲಿದ್ದಾಗ ತಂದದ್ದು. ಮದುವೆಯಾಗಿ ಆರು ತಿಂಗಳು. ಎಡಕ್ಕೆ ತಿರುಗಿಸಿದರೆ ತಾನೇ ಹಾರನ್ ಹೊಡೆಯುತ್ತಿದ್ದ ಆ ಹಳೇ ಗಾಡಿ ಓಬಳೇಶನ ಕಣ್ಣಿಗೆ ಪಟ್ಟದಾನೆ. ಬಾಡಿಗೆ ಮನೆಯ ಅಂಗಳ ಅಂಗೈ ಅಗಲ. ಕಾರು ನಿಂತರೆ ಮುಗಿಯಿತು, ಕೋಳಿ ತಿರುಗಲಿಕ್ಕೂ ಜಾಗವಿಲ್ಲ. ಮಾರನೇ ದಿನ ಬೆಳಗಿನ ಐದಕ್ಕೆ ರೇಖಾ ಬಂದು ಎಬ್ಬಿಸಿದಳು.

“ಗಾಡಿ ಒಂದೀಟು ಹಿಂದಕ ಸರಿಸ್ರಿ. ಕಸ ಹೊಡ್ದು, ನೀರು ಚಿಮುಕ್ಸಿ, ರಂಗೋಲಿ ಹಾಕಬೇಕು.”

ಚಾದರದೊಳಗಿನಿಂದಲೇ ಆಜ್ಞೆ ಹೊರಬಿತ್ತು. “ಗಾಡಿ ನಿಂತಲ್ಲೇ ನಿಲ್ತೈತಿ. ಸುತ್ತ ಹಾಕ್ಕೋ. ಮತ್ತ ಹೇಳಿರ್ತೀನಿ, ಅದನ್ನ ಮುಟ್ಟಬ್ಯಾಡ. ಅದೇನು ನಿನ್ನ ಮಿಕ್ಸಿ ಅಂತ ತಿಳ್ಕಂಡೀ ಏನು?”

ಅಷ್ಟು ಹೇಳಿ ಆ ಕಡೆ ಹೊರಳಿ ಗೊರಕೆ ಹೊಡೆದ. ರೇಖಾ ಮತ್ತೆಂದೂ ಎಬ್ಬಿಸಲಿಲ್ಲ. ಹೆಂಡತಿಗೆ ಒಂದೇ ಮಾತಿನಲ್ಲಿ ಬುದ್ಧಿ ಬಂತೆಂದು ಓಬಳೇಶ ಆಫೀಸಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡ.

ಸೀಟಿನ ರೋಗ ಶುರುವಾದದ್ದು ಅದಾಗಿ ಎರಡು ತಿಂಗಳಿಗೆ. ಹಡಗಲಿಯ ಮೆಕ್ಯಾನಿಕ್ ಸ್ಪ್ರಿಂಗ್ ಸಡಿಲ ಎಂದ. ಸ್ಪ್ರಿಂಗ್ ಬದಲಾಯಿತು, ರೋಗ ಬದಲಾಗಲಿಲ್ಲ. ರೋಸಿಹೋದ ಓಬಳೇಶ ಸೀಟನ್ನು ತನ್ನ ಅಳತೆಗೆ ವೆಲ್ಡಿಂಗ್ ಮಾಡಿಸಿಬಿಟ್ಟ! “ಈಗ ಸರಿ ನೋಡೋಣ, ಮಗನೇ!” ಎಂದು ಸೀಟಿಗೇ ಸವಾಲು ಹಾಕಿದ. ಸೀಟು ಸರಿಯಲಿಲ್ಲ, ನಿಜ. ಆದರೆ ಬೆಳಿಗ್ಗೆ ಅದರ ಬೆನ್ನಿಗೆ ಎರಡು ದಿಂಬು ಒರಗಿದ್ದವು.

“ರೇಖಾ! ಗಾಡ್ಯಾಗ ದಿಂಬು ಯಾಕ ಬಂದಾವು?”

“ಬಿಸ್ಲಿಗೆ ಇಟ್ಟಿದ್ದೆನ್ರಿ. ತಿಗಣಿ ಆಗಿದ್ವು.”

ಮುಂಜಾನೆ ಏಳೂವರೆಗೆ ಯಾವ ಬಿಸಿಲು ಎಂದು ಸರ್ವೇಯರ್ ಸಾಹೇಬರು ಕೇಳಲಿಲ್ಲ. ತಿಗಣೆ ಎಂದ ಕೂಡಲೇ ಮೈ ತುರಿಸಿಕೊಳ್ಳುತ್ತಾ ನಿಂತರು.

ಹರಪನಹಳ್ಳಿಗೆ ವರ್ಗವಾದಾಗ ಬಿಳಿ ಕಾರು ಹೋಯಿತು, ಕೆಂಪು ಕಾರು ಬಂತು. ಅದರ ಎಂಜಿನ್ನಿಗಿಂತ ರೇಡಿಯೋ ಗಟ್ಟಿ. ಸೀಟಿನ ರೋಗ ಅದಕ್ಕೂ ಅಂಟಿತು! ಓಬಳೇಶ ಸೀಟಿನ ಹಿಡಿಕೆಗೆ ಬೈಂಡಿಂಗ್ ತಂತಿ ಸುತ್ತಿದ. ತಂತಿ ಮರುದಿನ ಅಡುಗೆಮನೆಯ ಕಿಟಕಿಯಲ್ಲಿ ಒಗ್ಗರಣೆ ಸೌಟನ್ನು ನೇತುಹಾಕಿಕೊಂಡು ನಿಂತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಬೂದಿ ಬಣ್ಣದ ಕಾರು. ಇದರ ಹೊತ್ತಿಗೆ ಓಬಳೇಶನಿಗೆ ಮೆಕ್ಯಾನಿಕ್‌ಗಳ ಮೇಲಿನ ನಂಬಿಕೆ ಹೋಗಿ ದೆವ್ವಗಳ ಮೇಲೆ ಬಂದಿತ್ತು. ಬೀಗದ ಕೈಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದರೂ ಸೀಟು ಸರಿಯುತ್ತದೆಂದರೆ ಇನ್ನೇನು? ಕಾರಿನ ಎರಡನೇ ಕೀಲಿ ದೇವರ ಜಗಲಿಯ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ದೇವರಿಗೇ ಬಿಟ್ಟಿದ್ದ. ಸೀಟಿನ ಕೆಳಗೆ ಮಂತ್ರಿಸಿದ ನಿಂಬೆಹಣ್ಣು ಇಟ್ಟ. ಬೆಳಿಗ್ಗೆ ನಿಂಬೆಹಣ್ಣು ಮಾಯ, ತಟ್ಟೆಯಲ್ಲಿ ಘಮಘಮ ಚಿತ್ರಾನ್ನ.

“ಇವತ್ತೇನು ಚಿತ್ರಾನ್ನ?”

“ಹಣ್ಣು ಕೆಡ್ತಿತ್ತಲ್ರಿ.”

ಎರಡು ಸಲ ಹಾಕಿಸಿಕೊಂಡು ತಿಂದ. ಪಕ್ಕೀರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಲೇ ಓಬಳೇಶ, ಅದು ಗಿಡ್ಡ ದೆವ್ವ ಇರಬೇಕಪ್ಪ. ಉದ್ದ ಇದ್ರ ಸೀಟು ಯಾಕ ಮುಂದಕ ಎಳಿತಿತ್ತು?” ಎಂದಳು. ಓಬಳೇಶ ಗಂಭೀರವಾಗಿ ತಲೆಯಾಡಿಸಿ, “ಇರಬೇಕವ್ವ,” ಎಂದ. ಐದಡಿಗೆ ಮೂರಿಂಚು ಕಡಿಮೆಯಿದ್ದ ರೇಖಾ ಅಲ್ಲೇ ನಿಂತು ಲೋಟಕ್ಕೆ ನೀರು ಹಾಕುತ್ತಿದ್ದಳು.

ಈಗಿನ ನೀಲಿ ಕಾರು ಶೋರೂಮಿನಿಂದಲೇ ಬಂದದ್ದು. ಹೊಸದಕ್ಕೆ ದೆವ್ವ ಹೇಗೆ ಹತ್ತೀತು ಎಂಬ ಧೈರ್ಯವಿತ್ತು. ಒಂದೇ ವಾರ! ಐದು ವರ್ಷ ತಡೆದುಕೊಂಡು, ಕೊನೆಗೆ ಕೊಟ್ಟೂರಿನ ಹುಲುಗೇಶನ ಗ್ಯಾರೇಜಿಗೆ ಒಯ್ದ. ಹುಲುಗೇಶ ಸೀಟು ಬಿಚ್ಚಿದ, ಜೋಡಿಸಿದ, ಬೀಡಿ ಹಚ್ಚಿದ.

“ಸಾರ್, ನಾಲ್ಕು ಗಾಡಿ, ನಾಲ್ಕು ಕಂಪ್ನಿ, ನಾಲ್ಕು ಊರು. ರೋಗ ಮಾತ್ರ ಒಂದ. ಈ ನಾಲ್ಕರಾಗೂ ಇದ್ದದ್ದು ಏನೈತಿ, ವಿಚಾರ ಮಾಡ್ರಿ.”

ಓಬಳೇಶ ಬಹಳ ಹೊತ್ತು ವಿಚಾರ ಮಾಡಿದ. ಹೊಳೆಯಿತು.

“ನಾನು! ನನ್ನ ಮೈಭಾರ! ನಾ ಇಳಿದ ಕೂಡ್ಲೇ ಸೀಟು ಹಗುರಾಗಿ ಮುಂದಕ ಜಿಗಿತೈತಿ!”

ಹುಲುಗೇಶ ಬೀಡಿ ಆರಿಸಿ ಇನ್ನೊಂದು ಕಾರಿನ ಕೆಳಗೆ ನುಗ್ಗಿದ. ಗ್ಯಾರೇಜಿನಿಂದ ಮನೆಗೆ ಬಂದವನೇ ಓಬಳೇಶ ಮೇಲಿನ ಘೋಷಣೆ ಹೊರಡಿಸಿದ್ದು. ತನ್ನ ಭಾರ ತಾಳುವ ಐದನೆಯ ಕಾರೇ ಬೇಕು!

ಗಿರಾಕಿಯೂ ಸಿಕ್ಕ. ಇಟ್ಟಿಗಿಯ ರೈತ ಮೈಲಾರಲಿಂಗಪ್ಪ. ಶನಿವಾರವೇ ಕೂಡ್ಲಿಗಿಗೆ ಬಂದು ಬೀಗರ ಮನೆಯಲ್ಲಿ ಉಳಿದಿದ್ದ. ಭಾನುವಾರ ಎಂಟಕ್ಕೆ ಓಬಳೇಶ ಹಲ್ಲುಜ್ಜಿ ಹೊರಗೆ ಬಂದರೆ ಆತ ಆಗಲೇ ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ. ಕಾರನ್ನು ಸುತ್ತು ಹಾಕಿದ, ಬಾಗಿಲು ತೆಗೆದ, ಹಾಕಿದ. ಬಾಗಿ ಕಾರಿನ ಕೆಳಗೆ ನೋಡಿ ಸುಮ್ಮನೆ ನಕ್ಕ. ಕಾರಿನ ಹೊಟ್ಟೆಯ ಕೆಳಗೆ ಕಮಲದ ರಂಗೋಲಿ, ಒಂದು ಎಳೆಯೂ ಅಳಿಸಿರಲಿಲ್ಲ.

“ಮೈಲಾರಲಿಂಗಪ್ಪ, ದೋಷ ಮುಚ್ಚಿಟ್ಟು ಮಾರೋ ವಂಶ ಅಲ್ಲ ನಮ್ದು,” ಎಂದು ಓಬಳೇಶ ಟೇಪು ಬಿಚ್ಚಿದ. “ಇಲ್ಲಿ ನೋಡು, ಸೀಮೆಸುಣ್ಣದ ಗುರ್ತು. ನಿನ್ನೆ ಸಂಜಿಗೆ ಸೀಟು ಇಲ್ಲಿತ್ತು. ಈಗ ಇಲ್ಲಿಗೆ ಬಂದೈತಿ. ಆರೂವರಿ ಇಂಚು! ಇದಕ್ಕ ಮದ್ದಿಲ್ಲ. ಒಪ್ಪಿಗಿ ಇದ್ರ ತಗೋ.”

ಚಹಾ ತಂದ ರೇಖಾ ಗಂಡನ ಬೆನ್ನ ಹಿಂದೆ ನಿಂತಿದ್ದಳು. ಕಂಡದ್ದನ್ನು ಹೇಳಬೇಡ ಎಂದು ಮೈಲಾರಲಿಂಗಪ್ಪನ ಕಡೆ ತಲೆಯಾಡಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಮೈಲಾರಲಿಂಗಪ್ಪ ಕಾರನ್ನು ನೋಡಿದ. ಕಾರು ಅವನಿಗೂ ಬಹಳ ಮೆಚ್ಚಿಗೆಯಾಗಿತ್ತು. ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ಬಾಗಿಲು ಮುಚ್ಚಿದ.

“ನಂಗ ಬ್ಯಾಡ್ರಿ, ಸಾಹೇಬ್ರ.”

“ಯಾಕ? ಇಷ್ಟು ಸಣ್ಣ ರೋಗಕ್ಕ ಹೆದರಿದೀ ಏನು?”

“ಹೇಳದಿದ್ರ ನೀವು ಇನ್ನೊಬ್ರಿಗೆ ಮಾರ್ತೀರಿ. ರೋಗ ಗಾಡೀದಲ್ರಿ. ನಾ ಮುಂಜಾನಿ ಐದೂವರಿಗೇ ಬಂದೀನಿ. ನಿದ್ದಿ ಕೆಡಿಸೋದು ಬ್ಯಾಡ ಅಂತ ಕಟ್ಟಿ ಮ್ಯಾಲೆ ಕುಂತಿದ್ದೆ. ನಿಮ್ಮ ಗೊರಕಿ ಅಲ್ಲಿಗೂ ಕೇಳ್ತಿತ್ತು. ಅಷ್ಟರಾಗ ಈ ಗಾಡಿ ಸರ್ರಂತ ಹಿಂದಕ ಬಂತು. ಗೇಟಿನ ಕಂಬಕ್ಕ ಈ ಕಡಿ ನಾಲ್ಕು ಬೆರಳು, ಆ ಕಡಿ ನಾಲ್ಕು ಬೆರಳು. ಬೀದಿ ಕಡೀತನಕ ಒಂದು ಸುತ್ತು ಹೋತು, ಬಂತು, ಗೇಟಿನ ಹೊರಗ ನಿಂತಿತು. ಅಂಗಳದಾಗ ಕಸ ಹೊಡ್ದು ರಂಗೋಲಿ ಹಾಕಿದ್ದಾತು. ಆಮ್ಯಾಲೆ ರಂಗೋಲಿ ಮ್ಯಾಲೆ ಗಾಲಿ ತಾಗದಂಗ ಒಳಗ ಹೋಗಿ ನಿಂತಿತು.”

“ಯಾರು? ಯಾರು ಓಡ್ಸಿದ್ದು? ಕಳ್ಳ!”

“ಕಳ್ಳ ರಂಗೋಲಿ ಹಾಕಂಗಿಲ್ರಿ, ಸಾಹೇಬ್ರ.”

ಒಳಗಿನಿಂದ ಪಕ್ಕೀರಮ್ಮ ಕಿಸಕ್ಕನೆ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಓಬಳೇಶ ನಿಧಾನವಾಗಿ ತಿರುಗಿ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ, ದೂರ ಕಡಿಮೆ. ಆರೂವರೆ ಇಂಚಿನ ಲೆಕ್ಕ ತಟ್ಟನೆ ತಾಳೆಯಾಯಿತು.

ರೇಖಾ ಚಹಾದ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟಳು.

“ಹೌದ್ರಿ, ನಾನ. ಹಡಗಲ್ಯಾಗ ಮೊದ್ಲು ನಾನು, ಅತ್ತಿ ಕೂಡಿ ತಳ್ತಿದ್ವಿ. ಎಷ್ಟು ದಿನ ತಳ್ಳಾಕ ಆಗ್ತೈತಿ? ಒಂದಿನ ಕೀಲಿ ತಿರುವಿದೆ. ಕಸ ಹೊಡಿಯಾಕಂತ ಶುರು ಮಾಡಿದ್ದು, ಆಮ್ಯಾಲೆ ಖುಷಿ ಆಗಾಕ ಹತ್ತಿತು. ಮುಂಜಾನಿ ಆ ಹತ್ತು ನಿಮಿಷ ನಂದ್ರಿ. ಆವಾಗ ಯಾರೂ ಚಾ ಕೇಳಂಗಿಲ್ಲ, ಕಾಲುಚೀಲ ಎಲ್ಲೈತಿ ಅನ್ನಂಗಿಲ್ಲ. ಹೇಳಿದ್ರ ನೀವು ಬ್ಯಾಡ ಅಂತಿದ್ರಿ. ಅದಕ್ಕ ಹೇಳ್ಲಿಲ್ಲ.”

ಓಬಳೇಶನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ನಾಚಿಕೆ. ನಾಲ್ಕು ಕಾರಿನ ಸ್ಪ್ರಿಂಗು, ಹಿಡಿಕೆ, ದೆವ್ವ ಎಲ್ಲವನ್ನೂ ವಿಚಾರಿಸಿದ್ದ. ಪಕ್ಕದಲ್ಲಿ ಮಲಗುವವಳನ್ನು ಒಂದು ದಿನವೂ ಕೇಳಿರಲಿಲ್ಲ. ಆದರೆ ಮೈಲಾರಲಿಂಗಪ್ಪನ ಎದುರಿಗೆ ಅದನ್ನು ಒಪ್ಪಿಕೊಂಡರೆ ಸರ್ವೇಯರ್ ಗತಿ ಏನು? ಕೊನೆಯ ಅಸ್ತ್ರ ತೆಗೆದ.

“ಇರ್ಲಿ. ಲೈಸೆನ್ಸ್ ಇಲ್ದ ಗಾಡಿ ಮುಟ್ಟೋದು ಅಪರಾಧ! ಗೊತ್ತೈತೇನು?”

ರೇಖಾ ಒಳಗೆ ಹೋಗಿ ರವೆ ಡಬ್ಬಿ ಸಮೇತ ಬಂದಳು. ಕೈ ಹಾಕಿ ಒಂದು ಕಾರ್ಡು ತೆಗೆದು, ರವೆ ಕೊಡವಿ ಕೊಟ್ಟಳು. ಎರಡು ಸಾವಿರದ ಹನ್ನೊಂದರ ಲೈಸೆನ್ಸು!

“ಹರಪನಹಳ್ಳ್ಯಾಗಿದ್ದಾಗ ಮಾಡ್ಸಿದ್ದು. ನೀವು ನೀಲಗುಂದಕ್ಕ ಅಳತಿಗೆ ಹೋಗಿದ್ರಿ. ನಿಮ್ದೊಂದೀಟು ತೋರಿಸ್ರಿ ನೋಡೋಣ.”

ಓಬಳೇಶ ಹೆಮ್ಮೆಯಿಂದ ಪಾಕೀಟು ತೆಗೆದ. ರೇಖಾ ಕಾರ್ಡನ್ನು ಬೆಳಕಿಗೆ ಹಿಡಿದು ಓದಿದಳು.

“ಇಪ್ಪತ್ತು ವರ್ಷದ್ದು. ಹೋದ ಮೇ ತಿಂಗಳಿಗೇ ಮುಗ್ದು ಹೋಗೈತಲ್ರಿ!”

ಮೈಲಾರಲಿಂಗಪ್ಪ ಆಕಾಶ ನೋಡಿದ. ಪಕ್ಕೀರಮ್ಮ ಚಪ್ಪಲಿ ಮೆಟ್ಟಿ ಹೊರಗೆ ಬಂದೇಬಿಟ್ಟಳು. “ನಮ್ಮ ಸಲುವಾಗಿ ಗಾಡಿ ಬಿಟ್ಟುಕೊಟ್ಟ ಮನುಷ್ಯಾನ ಬಸ್ಸಿಗೆ ಕಳಿಸ್ತೀರೇನು? ಇಟ್ಟಿಗಿ ತನಕ ಬಿಟ್ಟು ಬರೂಣು ನಡೀರಿ. ರೇಖಾ, ಕೀಲಿ ತಗೋ.”

ರೇಖಾ ಬಲಗಡೆ ಕೂತಳು. ಪಕ್ಕೀರಮ್ಮನೂ ಮೈಲಾರಲಿಂಗಪ್ಪನೂ ಹಿಂದೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಂಚಿಕೊಂಡರು. ಉಳಿದದ್ದು ಎಡಗಡೆಯ ಸೀಟು. ಓಬಳೇಶ ಒಳಗೆ ತೂರಿದ. ಠಪ್! ಈ ಸಲ ಎರಡೂ ಮೊಣಕಾಲು. ಹಿಡಿಕೆ ಎಳೆದ, ಒದ್ದ, ಉಸಿರು ಬಿಗಿಹಿಡಿದು ತಳ್ಳಿದ. ಐದು ವರ್ಷದಿಂದ ರೇಖಾಳ ಒಂದೇ ಅಳತೆಗೆ ಕೂತಿದ್ದ ಸೀಟು ತುಕ್ಕು ಹಿಡಿದು ಕಲ್ಲಾಗಿತ್ತು. ಒಂದು ನೂಲೂ ಕದಲಲಿಲ್ಲ.

ಕಾರು ಗೇಟಿನ ಕಂಬಗಳ ನಡುವಿನಿಂದ ನಾಲ್ಕು ನಾಲ್ಕು ಬೆರಳು ಬಿಟ್ಟು ಹಿಂದಕ್ಕೆ ಸರಿಯಿತು. ಅಂಗಳದ ನಡುವೆ ಕಮಲ ಹಾಗೇ ಉಳಿದಿತ್ತು. ರೇಖಾ ಕೊಟ್ಟೂರಿನ ಹಾದಿ ಹಿಡಿದು, ಗೇರ್ ಬದಲಿಸಿ, ಗಂಡನ ಕಡೆ ಒಮ್ಮೆ ನೋಡಿದಳು.

“ಏನ್ರಿ, ಸೀಟಿಗೆ ರೋಗ ಬಂದೈತೇನು? ಬರೋ ಭಾನುವಾರ ಗಾಡಿ ಮಾರಿಬಿಡೂಣೇನು?”

ಮೊಣಕಾಲು ಗದ್ದಕ್ಕೆ ಒತ್ತಿದ್ದರಿಂದ ಸರ್ವೇಯರ್ ಸಾಹೇಬರಿಗೆ ಬಾಯಿ ತೆರೆಯಲಾಗಲಿಲ್ಲ.