ಮಣೆ ಬಿಟ್ಟೇಳದ ನೀಲಮ್ಮ

ಸೊಸೆಗೆ ತವರಿನವರು ಬಳೆ, ಓಲೆ, ಸರ ಎಲ್ಲ ಹಾಕಿ ಕಳಿಸಿದರು, ನಾಚಿಕೆ ಎಂಬ ಆಭರಣವನ್ನು ಮಾತ್ರ ಮರೆತರು ಎಂಬುದು ಬನ್ನಿಮಂಟಪದ ನೀಲಮ್ಮನವರ ಬಹುದಿನದ ದೂರು. ನಿಶ್ಚಿತಾ ಬಸುರಿಯಾದ ಮೇಲಂತೂ ಆ ದೂರಿಗೆ ರೆಕ್ಕೆಪುಕ್ಕ ಬಂದಿತ್ತು. ಬಸುರಿಗೆ ವಾಂತಿಯಾಗಲಿ, ತಲೆ ಸುತ್ತಲಿ, ಕದ್ದು ಹುಣಿಸೆಹಣ್ಣು ತಿನ್ನುವ ಚಪಲವಾಗಲಿ, ಅದೆಲ್ಲ ಮರ್ಯಾದಸ್ಥರ ಲಕ್ಷಣ. ಈ ಹುಡುಗಿಗೆ ಬಂದದ್ದೇ ಬೇರೆ. ಕೆಮ್ಮಿದರೆ, ಸೀನಿದರೆ, ನಕ್ಕರೆ, ಅವಳ ಅಪ್ಪಣೆಗೂ ಕಾಯದೆ ಒಂದೆರಡು ಹನಿ ಹೊರಟುಬಿಡುತ್ತಿತ್ತು. ಹೊರಟರೆ ಹೊರಡಲಿ, ಅದನ್ನು ಬಾಯಿಬಿಟ್ಟು ಹೇಳುವುದೆ?

“ರೀ, ನಗಿಸ್ಬೇಡಿ, ಆಗೋಗುತ್ತೆ,” ಎಂದು ಊಟದ ನಡುವೆ ಗಂಡನಿಗೆ ಹೇಳಿ ಅವಳು ಬಚ್ಚಲಿಗೆ ಓಡುವಳು.

“ಮೆತ್ತಗೆ ಹೇಳೇ. ಪಕ್ಕದ್ಮನೆಗೆ ಕೇಳಿಸ್ತದೆ,” ಎಂದು ನೀಲಮ್ಮ ಗದರುವರು.

“ಅಂಬುಜಮ್ಮೋರಿಗೆ ನಾನೇ ಹೇಳಿದೀನಿ ಅತ್ತೆ. ‘ಪಾಪ, ನಂಗೂ ಹಂಗೇ ಆಗ್ತಿತ್ತು ಕಣಮ್ಮ’ ಅಂದ್ರು,” ಎಂದು ಬಚ್ಚಲಿನೊಳಗಿಂದ ಉತ್ತರ ಬರುವುದು.

ಮೇಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ಷಡಕ್ಷರಿಯ ಪಾಡು ಇನ್ನೊಂದು ಬಗೆ. ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರೆ ಅವನಿಗೆ ಮೈಸೂರಿನ ಅರಮನೆ, ಚೌಕಗಳು ಕಾಣುತ್ತಿರಲಿಲ್ಲ, ಹೋಟೆಲುಗಳೇ ಕಾಣುತ್ತಿದ್ದವು. ಏನೂ ಕುಡಿಯದೆ ಬಚ್ಚಲು ಕೇಳುವುದು ಹೇಗೆಂದು ಇಬ್ಬರೂ ಒಂದೊಂದು ಕಾಫಿ ಕುಡಿಯುವರು. ಆ ಕಾಫಿಯ ಫಲವಾಗಿ ಮುಂದಿನ ಹೋಟೆಲಿನ ಮುಂದೆಯೂ ಸ್ಕೂಟರು ನಿಲ್ಲುವುದು. ಹೀಗೆ ಕಾಫಿಯಿಂದ ಕಾಫಿಗೆ ಸಂಸಾರ ಸಾಗುತ್ತಿತ್ತು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನೀಲಮ್ಮ ನಗುವುದಿಲ್ಲ. ನೆಂಟರಲ್ಲಿ ಅವರಿಗೆ ಬಹಳ ಗಾಂಭೀರ್ಯದ ಹೆಂಗಸು ಎಂಬ ಹೆಸರು. ನಿಜ ಏನೆಂದರೆ, ಕಿರಿಮಗಳನ್ನು ಹೆತ್ತಂದಿನಿಂದ ನಗು ಅವರ ಪಾಲಿಗೆ ಕ್ಷೇಮಕರವಾಗಿರಲಿಲ್ಲ. ಸೀನು ಬಂದರೆ ಗೋಡೆ ಹಿಡಿದು ಕಾಲು ಹೆಣೆದು ನಿಲ್ಲುತ್ತಿದ್ದರು. ಮದುವೆ ಮನೆಯಲ್ಲಿ ತಮಾಷೆ ಮಾಡುವವರ ಪಂಕ್ತಿ ಬಿಟ್ಟು ದೂರ ಕೂರುತ್ತಿದ್ದರು. ಅವರ ಯಜಮಾನರಂತೂ ತಮ್ಮ ಮಾತು ಹೆಂಡತಿಗೆ ಒಂದು ದಿನವೂ ಹಿಡಿಸಲಿಲ್ಲವೆಂದು ಕೊರಗುತ್ತಲೇ ಶಿವನ ಪಾದ ಸೇರಿದರು. (ಅವರ ಮಾತು ಬಹಳ ನಗು ಬರಿಸುತ್ತಿತ್ತು. ತೊಂದರೆಯೇ ಅದು.) ಇಷ್ಟು ಬೆಲೆ ತೆತ್ತು ಕಾಪಾಡಿಕೊಂಡು ಬಂದ ವಿಷಯವನ್ನು ಈ ಹುಡುಗಿ ಮೊಸರಿನವಳ ಹತ್ತಿರ ನಿಂತು ಮಾತಾಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೆ?

ತಪಾಸಣೆಗೆ ಹೋದಾಗ ಡಾಕ್ಟರಮ್ಮ ನಿಶ್ಚಿತಾಗೆ ಒಂದು ವ್ಯಾಯಾಮ ಹೇಳಿಕೊಟ್ಟರು. “ಬರೋದನ್ನ ತಡೀತೀವಲ್ಲ, ಹಂಗೆ ಒಳಗಿಂದ ಬಿಗಿ ಹಿಡಿದು ಆಮೇಲೆ ಸಡಿಲ ಬಿಡಬೇಕು. ಕೂತಲ್ಲೇ ಮಾಡಬಹುದು. ನೀರು ಕುಡಿಯೋದು ಮಾತ್ರ ಬಿಡಬೇಡಿ. ವಯಸ್ಸಾದವರು ಮಾಡಿದ್ರೂ ಒಳ್ಳೇದೇ,” ಎಂದು ಯಾಕೋ ನೀಲಮ್ಮನವರ ಕಡೆ ನೋಡಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಮುಳುಗಿದ್ದ ನೀಲಮ್ಮ, “ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ,” ಎಂದರು.

ಮಾರನೆಯ ದಿನ ಅವರೆಕಾಯಿ ಸುಲಿಯುತ್ತ ಕೂತ ತಾಯಿಯ ಮುಖ ಬಿಗಿಯುವುದನ್ನೂ ಸಡಿಲವಾಗುವುದನ್ನೂ ನೋಡಿ ಷಡಕ್ಷರಿ, “ಏನಮ್ಮಾ, ಹಲ್ಲು ನೋವಾ?” ಎಂದು ಕೇಳಿದ. ಕೇಳಿದ್ದಕ್ಕೆ ಬೈಸಿಕೊಂಡ.

ಎಂಟನೆಯ ತಿಂಗಳು ಬಂತು. ಹುಟ್ಟುವ ಮೊದಲೇ ಮಗುವಿನ ಪಾಲಿನ ಇಷ್ಟಲಿಂಗವನ್ನು ಗುರುಗಳು ತಾಯಿಗೆ ಕಟ್ಟಿ ಹರಸುವ ಶಾಸ್ತ್ರ ಇವರ ಮನೆತನದಲ್ಲಿ ನಡೆದುಕೊಂಡು ಬಂದದ್ದು. ಮಠದಿಂದ ಹಿರಿಯ ಸ್ವಾಮಿಗಳೇ ಬರುತ್ತಾರೆ ಎಂದಾಯಿತು.

“ಅತ್ತೆ, ಅಷ್ಟೊತ್ತು ನನ್ಕೈಲಿ ಕೂರಕ್ಕಾಗಲ್ಲ. ಮಧ್ಯ ಎದ್ದೋಗಿ ಬರ್ತೀನಿ,” ಎಂದಳು ನಿಶ್ಚಿತಾ.

“ಗುರುಗಳ ಮುಂದೆ ಮಣೆ ಬಿಟ್ಟು ಏಳೋದಾ? ಷಡಕ್ಷರಿ ಹೊಟ್ಟೇಲಿದ್ದಾಗ ನಾನು ಮಂಗಳಾರತಿ ಆಗೋಗಂಟ ಕದಲಲಿಲ್ಲ.” (ಹೊಟ್ಟೆಯಲ್ಲಿದ್ದವನು ಸಾಕ್ಷಿ ಹೇಳಲಾರ ಎಂಬ ಧೈರ್ಯ.) ಆಗ ಮನೆಗೆ ಬಂದಿದ್ದ ನೆಂಟರಾದ ಮೇಟಗಳ್ಳಿಯ ಪುಟ್ಟಲಿಂಗಮ್ಮ ಮೆಚ್ಚಿ ತಲೆದೂಗಿದರು. ಆ ಮೆಚ್ಚುಗೆಗೆ ಮರುಳಾಗಿ ನೀಲಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ನಾನೇ ನಿನ್ನ ಪಕ್ಕ ಕೂರ್ತೀನಿ. ನಾನು ಎದ್ದಾಗ ನೀನು ಏಳು.”

ಶಾಸ್ತ್ರದ ದಿನ ನೀಲಮ್ಮ ರೇಷ್ಮೆ ಸೀರೆಯುಟ್ಟು, ವಿಭೂತಿ ಧರಿಸಿ, ಸೊಸೆಯ ಪಕ್ಕದ ಮಣೆಯ ಮೇಲೆ ಸಿಂಹಾಸನವೇರಿದಂತೆ ಕೂತರು. ಆದರೆ ಬೆಳಗಿನಿಂದ ಬಂದವರಿಗೆಲ್ಲ ಜೊತೆ ಕೊಟ್ಟು ತಾವೂ ಕಾಫಿ ಕುಡಿದಿದ್ದರು.

ಪೂಜೆ ಅರ್ಧಕ್ಕೆ ಬರುವ ಮೊದಲೇ ನಿಶ್ಚಿತಾ ಕೈಮುಗಿದಳು. “ಬುದ್ಧಿ, ಒಂಚೂರು ಬಚ್ಚಲಿಗೆ ಹೋಗ್ಬರ್ಬೇಕು.”

ನೀಲಮ್ಮನವರಿಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಸ್ವಾಮಿಗಳು ನಕ್ಕರು. “ಹೋಗ್ಬಾರಮ್ಮ. ಶಿವ ಎಲ್ಲಿಗೂ ಹೋಗಲ್ಲ, ಇಲ್ಲೇ ಕೂತಿರ್ತಾನೆ.”

ಅವಳು ಹೋಗಿ ಬಂದಳು. ಸ್ವಲ್ಪ ಹೊತ್ತಿಗೆ ಮತ್ತೂ ಹೋಗಿ ಬಂದಳು. ಯಾರ ತಲೆಯ ಮೇಲೂ ಆಕಾಶ ಬೀಳಲಿಲ್ಲ. ತಾವೂ ಎದ್ದು ಹೋದರೇನು ಎಂದು ನೀಲಮ್ಮ ಮೊಣಕಾಲ ಮೇಲೆ ಕೈಯೂರುವಷ್ಟರಲ್ಲಿ ಸ್ವಾಮಿಗಳು ಅವರತ್ತ ಕೈ ತೋರಿಸಿ, “ಈ ತಾಯಿ ನೋಡಿ, ಗುಡ್ಡ ಕೂತಂಗೆ ಕೂತವ್ರೆ,” ಎಂದುಬಿಟ್ಟರು. ಗುರುವಾಕ್ಯವಾದ ಮೇಲೆ ಗುಡ್ಡ ಏಳುವುದು ಹೇಗೆ?

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅಂಬುಜಮ್ಮ ಕಾದ ಎಣ್ಣೆಗೆ ಒಣಮೆಣಸಿನಕಾಯಿ ಹಾಕಿದರು. ಘಾಟು ನಡುಮನೆಗೆ ನುಗ್ಗಿತು. ಸ್ವಾಮಿಗಳಾದಿಯಾಗಿ ಎಲ್ಲರೂ ಕೆಮ್ಮಿದರು. ನೀಲಮ್ಮನವರಿಗೆ ಸೀನು ಬಂತು. ಡಾಕ್ಟರಮ್ಮನ ವಿದ್ಯೆ ಮೊದಲ ಸೀನನ್ನು ತಡೆದು ನಿಂತಿತು, ಎರಡನೆಯದಕ್ಕೆ ಒದ್ದಾಡಿತು, ಮೂರನೆಯದಕ್ಕೆ ಕೈಚೆಲ್ಲಿತು.

ನೀಲಮ್ಮ ಮೆಲ್ಲಗೆ ಕಣ್ಣು ಮುಚ್ಚಿದರು.

ಮಂಗಳಾರತಿಯಾಯಿತು. ಸ್ವಾಮಿಗಳು ಪ್ರಸಾದಕ್ಕೆಂದು ಒಳಕೋಣೆಗೆ ಹೋದರು. ಎಲ್ಲರೂ ಎದ್ದರು, ನೀಲಮ್ಮ ಏಳಲಿಲ್ಲ. ಷಡಕ್ಷರಿ “ಅಮ್ಮಾ” ಎಂದು ಭುಜ ಮುಟ್ಟಲು ಹೋದ. ಪುಟ್ಟಲಿಂಗಮ್ಮ ಅವನ ಕೈ ಹಿಡಿದರು. “ಮುಟ್ಬೇಡ ಕಣಪ್ಪ. ಧ್ಯಾನದಲ್ಲವ್ರೆ. ಮುಖ ನೋಡು, ಎಂಗೆ ಬಿಗಿದದೆ.”

ಸುದ್ದಿ ಅಂಗಳಕ್ಕೆ ಹೋಗಿ ಮುಟ್ಟಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಬಗ್ಗಿ ನಮಸ್ಕಾರ ಮಾಡತೊಡಗಿದರು. ಅವರ ಕೈ ಮಣೆಯ ಹತ್ತಿರ ಬಂದಂತೆಲ್ಲ ನೀಲಮ್ಮ ಕಣ್ಣು ಮುಚ್ಚಿಕೊಂಡೇ ಸೆರಗನ್ನು ಇನ್ನಷ್ಟು ಅಗಲಕ್ಕೆ ಹರಡಿಕೊಂಡರು. ಮನಸ್ಸಿನಲ್ಲಿ ಮಾತ್ರ, ಅಂದು ಮೊದಲ ಬಾರಿಗೆ, ನಿಜವಾದ ಭಕ್ತಿಯಿಂದ ಶಿವನನ್ನು ಕರೆಯುತ್ತಿದ್ದರು.

ಶಿವ ಬರಲಿಲ್ಲ, ಸೊಸೆ ಬಂದಳು. ಅತ್ತೆಯ ಮುಖ ನೋಡಿದೊಡನೆ ಅವಳಿಗೆ ತಿಳಿಯಿತು. ಆ ಮುಖ ಅವಳು ಕನ್ನಡಿಯಲ್ಲಿ ದಿನವೂ ಕಾಣುತ್ತಿದ್ದ ಮುಖ. ಕೈತೊಳೆಯಲು ಇಟ್ಟಿದ್ದ ನೀರು ತುಂಬಿದ ಚೊಂಬನ್ನು ತಂದು, “ಅಯ್ಯೋ, ಕೈ ಜಾರ್ತು ಅತ್ತೆ,” ಎಂದು ಅವರ ಮಡಿಲಿಗೇ ಸುರಿದಳು.

“ಎಂಥ ಹುಡುಗೀಮ್ಮ ನೀನು. ಅತ್ತೆ ಧ್ಯಾನ ಕೆಡಿಸ್ಬುಟ್ಟಲ್ಲ,” ಎಂದು ಹೆಂಗಸರೆಲ್ಲ ಅವಳನ್ನು ತರಾಟೆಗೆ ತೆಗೆದುಕೊಂಡರು. ನಿಶ್ಚಿತಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಅತ್ತೆಯ ಕೈಹಿಡಿದು ಕೋಣೆಗೆ ಕರೆದೊಯ್ದಳು.

ಸೊಸೆ ಒಣ ಸೀರೆ ಕೊಡುವಾಗ ನೀಲಮ್ಮ ಪಿಸುಗುಟ್ಟಿದರು. “ಯಾರ್ಗೂ ಹೇಳ್ಬೇಡ ಕಣೇ.”

“ನಂದನ್ನ ಊರಿಗೆಲ್ಲ ಹೇಳ್ತೀನಿ ಅತ್ತೆ. ನಿಮ್ದನ್ನ ಹೇಳಲ್ಲ.”

ನೀಲಮ್ಮ ಸೀರೆ ಸುತ್ತಿಕೊಂಡರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪುಟ್ಟಲಿಂಗಮ್ಮ ಒಳಗೆ ಬಂದರು. “ಮುಂದಿನ ತಿಂಗಳು ನನ್ನ ಸೊಸೆಗೂ ಇದೇ ಶಾಸ್ತ್ರ. ಪಕ್ಕದ ಮಣೇಲಿ ನೀವೇ ಕೂರ್ಬೇಕು. ಅವಳಿಗೂ ನಿಮ್ಮ ಸೊಸೆಗಿರೋ ತೊಂದ್ರೆನೇ. ನಿಮ್ಮನ್ನ ನೋಡಿ ಕಲೀಲಿ.”

ನೀಲಮ್ಮ ಸೊಸೆಯ ಮುಖ ನೋಡಿದರು. ಇನ್ನೊಂದು ಹುಡುಗಿಯೂ ತಮ್ಮ ದೆಸೆಯಿಂದ ಬೈಸಿಕೊಳ್ಳಬೇಕೆ? ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಬಾಯಿಬಿಟ್ಟರು. “ನೋಡಿ ಪುಟ್ಟಲಿಂಗಮ್ಮ, ಅದು ಧ್ಯಾನ ಅಲ್ಲ. ಸೀನು ಬಂತು, ತಡೆಯಕ್ಕಾಗದೆ ಆಗೋಯ್ತು. ಏಳೋಕೆ ನಾಚ್ಕೆಯಾಗಿ ಕೂತಿದ್ದೆ. ಇಷ್ಟೇ ಕಣ್ರೀ.”

ಪುಟ್ಟಲಿಂಗಮ್ಮ ನೀಲಮ್ಮನವರನ್ನು ನೋಡಿದರು, ನಿಶ್ಚಿತಾಳನ್ನು ನೋಡಿದರು. ಅವರ ಕಣ್ಣು ತೇವವಾಯಿತು. “ಸೊಸೆ ಮರ್ಯಾದೆ ಉಳಿಸಕ್ಕೆ ಅದನ್ನೂ ನಿಮ್ಮ ಮೇಲೇ ಹಾಕ್ಕೊಂಡ್ರಲ್ಲ ತಾಯಿ. ಎಂಥ ದೊಡ್ಡ ಗುಣ ನಿಮ್ದು. ಬುದ್ಧಿಯೋರ ಎದುರಿಗೇ ನಿಮ್ಮ ಮಣೆ ಹಾಕಿಸ್ತೀನಿ. ಸುತ್ತ ಒತ್ತಾಗಿ ಜನ ಕೂರಿಸ್ತೀನಿ, ಯಾರೂ ಎಬ್ಬಿಸದಂಗೆ.”

ನಿಶ್ಚಿತಾ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಎಷ್ಟೋ ವರ್ಷಗಳಿಂದ ಅದುಮಿಟ್ಟ ನಗು ನೀಲಮ್ಮನವರಿಗೂ ಉಕ್ಕಿ ಬಂತು. ಅವರೂ ಸೊಸೆಯ ಹಿಂದೆಯೇ ಹೊರಡುತ್ತಿದ್ದರು. ಆದರೆ ಪುಟ್ಟಲಿಂಗಮ್ಮ ಅಷ್ಟರಲ್ಲಿ ಕೆಳಗೆ ಕೂತು ಅವರ ಎರಡು ಪಾದಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡಾಗಿತ್ತು.